ತೆಂಗಿನ ನಾಡಿನ ಪ್ರೌಢಶಾಲೆಗೆ ಸಾವಯವ ಕೃಷಿಯ ಪಾಠ: ಏಕೆ, ಹೇಗೆ, ಯಾರಿಂದ?

ಶೆಟ್ಟಿಕೆರೆ (ತುಮಕೂರು ಜಿಲ್ಲೆ): ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ರಾಜ್ಯದ ಜನ ಗುರುತಿಸುವುದು ತೆಂಗಿನಿಂದ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಶೆಟ್ಟಿಕೆರೆಯೂ ಇದೇ ಸೀಮೆಯ ಊರು. ತೋಟದಲ್ಲಿ ತೆಂಗು, ಹೊಲದಲ್ಲಿ ರಾಗಿ, ಹಟ್ಟಿಯಲ್ಲಿ ದನ, ಅಟ್ಟದ ಮೇಲೆ ಕೊಬ್ಬರಿಯಾಗಲು ಕಾದಿರುವ ಕಾಯಿ - ಇಲ್ಲಿನ ಮಧ್ಯಮ ರೈತ ಕುಟುಂಬದ ಸಂಸಾರ ನಿಂತಿರುವುದು ಈ ನಾಲ್ಕರ ಮೇಲೆ. ಇಂತಹ ಮನೆಯಿಂದ ಪ್ರೌಢಶಾಲೆಗೆ ಬರುವ ವಿದ್ಯಾರ್ಥಿ ಮೂರು ವರ್ಷ ವಿಜ್ಞಾನ, ಗಣಿತ, ಸಮಾಜ ವಿಜ್ಞಾನಗಳನ್ನು ಓದುತ್ತಾನೆ. ಆದರೆ ತನ್ನ ತೋಟದ ಮಣ್ಣು ಏಕೆ ಸತ್ವ ಕಳೆದುಕೊಳ್ಳುತ್ತಿದೆ, ಗರಿ ಏಕೆ ಕಪ್ಪಾಗುತ್ತಿದೆ, ಗೊಬ್ಬರದ ಲೆಕ್ಕ ಹೇಗೆ ಎಂಬ ಪ್ರಶ್ನೆಗಳು ಆ ಪಾಠಗಳಲ್ಲಿ ಎದುರಾಗುವುದು ಅಪರೂಪ.

ಪ್ರೌಢಶಾಲಾ ಹಂತದಲ್ಲಿ ಸಾವಯವ ಕೃಷಿಯನ್ನು ಕಲಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಅದನ್ನು ಪ್ರತ್ಯೇಕ ವಿಷಯವಾಗಿಸಬೇಕೆ, ಇರುವ ವಿಜ್ಞಾನ ಪಾಠದೊಳಗೆ ಸೇರಿಸಬೇಕೆ, ಕಲಿಸುವವರು ಯಾರು, ಅಂಕ ಕೊಡಬೇಕೆ ಎಂಬ ಪ್ರಶ್ನೆಗಳಿಗೆ ಮಾತ್ರ ಸ್ಪಷ್ಟ ಉತ್ತರ ದೊರೆತಿಲ್ಲ. ರಾಜ್ಯ ಶಿಕ್ಷಣ ನೀತಿ ರೂಪಿಸಲು ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗವು 2025ರ ಆಗಸ್ಟ್‌ನಲ್ಲಿ ಅಂತಿಮ ವರದಿ ಸಲ್ಲಿಸಿದೆ. ಶಾಲಾ ಶಿಕ್ಷಣದ ಸ್ವರೂಪದ ಬಗ್ಗೆ ಚರ್ಚೆ ನಡೆದಿರುವ ಈ ಹೊತ್ತಿನಲ್ಲಿ, ಕೃಷಿ ಕುಟುಂಬಗಳ ಮಕ್ಕಳಿಗೆ ಶಾಲೆ ಏನು ಕೊಡಬೇಕೆಂಬುದನ್ನು ತೆಂಗಿನ ನಾಡಿನ ನೆಲೆಯಿಂದ ನೋಡುವುದು ಸೂಕ್ತ.

ಮೂರು ವರ್ಷದ ಲೆಕ್ಕ

ಸಾವಯವ ಕೃಷಿ ಎಂದರೆ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳನ್ನು ಬಿಟ್ಟುಬಿಡುವುದು ಎಂಬ ಅರ್ಥ ಸಾಮಾನ್ಯವಾಗಿ ಬಳಕೆಯಲ್ಲಿದೆ. ಇದು ಅರ್ಧ ಸತ್ಯ ಮಾತ್ರ. ಬಿಟ್ಟುದರ ಜಾಗದಲ್ಲಿ ಏನನ್ನು ತರಬೇಕು, ಮಣ್ಣಿನಿಂದ ಪ್ರತಿವರ್ಷ ಹೊರಹೋಗುವ ಪೋಷಕಾಂಶವನ್ನು ಹೇಗೆ ಹಿಂದಿರುಗಿಸಬೇಕು, ಕೀಟವನ್ನು ಯಾವ ಕೀಟದಿಂದ ಹಿಡಿತದಲ್ಲಿಡಬೇಕು ಎಂಬ ತಿಳಿವಳಿಕೆಯೇ ಸಾವಯವ ಕೃಷಿಯ ತಿರುಳು.

ದೇಶದಲ್ಲಿ ಸಾವಯವ ಉತ್ಪನ್ನಗಳಿಗೆ ಮಾನದಂಡ ನಿಗದಿಪಡಿಸಿದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ 2001ರಲ್ಲಿ ಜಾರಿಗೆ ಬಂದಿತು. ಅದರ ನಿಯಮದಂತೆ ರಾಗಿ, ಅವರೆಯಂತಹ ವಾರ್ಷಿಕ ಬೆಳೆಗಳಿಗೆ 24 ತಿಂಗಳು, ತೆಂಗಿನಂತಹ ಬಹುವಾರ್ಷಿಕ ಬೆಳೆಗಳಿಗೆ 36 ತಿಂಗಳ ಪರಿವರ್ತನಾ ಅವಧಿ ಇದೆ. ಈ ಅವಧಿಯಲ್ಲಿ ಜಮೀನಿಗೆ ನಿಷೇಧಿತ ರಾಸಾಯನಿಕಗಳನ್ನು ಹಾಕುವಂತಿಲ್ಲ. ಅವಧಿ ಮುಗಿದ ಬಳಿಕವಷ್ಟೇ ಫಸಲು 'ಸಾವಯವ' ಎಂಬ ಹೆಸರಿಗೆ ಅರ್ಹವಾಗುತ್ತದೆ.

ಇಲ್ಲಿ ಒಂದು ಹೊಂದಾಣಿಕೆಯನ್ನು ಗಮನಿಸಬಹುದು. 8ನೇ ತರಗತಿಗೆ ಸೇರಿದ ವಿದ್ಯಾರ್ಥಿ 10ನೇ ತರಗತಿ ಮುಗಿಸಲು ತೆಗೆದುಕೊಳ್ಳುವುದೂ ಮೂರು ವರ್ಷವೇ. ಶಾಲೆಯ ಆವರಣದಲ್ಲಿ ನಾಲ್ಕು ತೆಂಗಿನ ಮರವಿದ್ದರೂ ಸಾಕು, ಒಂದು ತಂಡದ ಮಕ್ಕಳು ಸೇರಿದ ದಿನದಿಂದ ಶಾಲೆ ಬಿಡುವ ದಿನದವರೆಗೆ ಪರಿವರ್ತನೆಯ ಇಡೀ ಅವಧಿಯನ್ನು ಕಣ್ಣಾರೆ ನೋಡಿ, ದಾಖಲಿಸಿ, ಲೆಕ್ಕ ಹಾಕಬಹುದು. ಬೇರೆ ಯಾವ ಪ್ರಯೋಗಾಲಯದಲ್ಲೂ ಮೂರು ವರ್ಷ ನಡೆಯುವ ಪ್ರಯೋಗವನ್ನು ಪ್ರೌಢಶಾಲೆಯ ಮಗು ಮಾಡಲಾರದು.

ಹೊಸ ಆಲೋಚನೆಯೇನಲ್ಲ

ಶಾಲೆಯಲ್ಲಿ ಕೃಷಿ ಕಲಿಸುವ ಯೋಚನೆಗೆ ನಮ್ಮ ರಾಜ್ಯದಲ್ಲಿ ಶತಮಾನದ ಇತಿಹಾಸವಿದೆ. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ನೀಡಿದ 30 ಎಕರೆ ಜಮೀನಿನಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಡಾ. ಲೇಮನ್ ಕೃಷಿ ಪ್ರಯೋಗಗಳನ್ನು ಆರಂಭಿಸಿದರು. 1913ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅವರ ಆಸಕ್ತಿಯಿಂದ ಅಲ್ಲಿ ಮೈಸೂರು ಕೃಷಿ ಶಾಲೆ ತೆರೆಯಿತು. ಅದೇ 1946ರಲ್ಲಿ ಕಾಲೇಜಾಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯಕ್ಕೆ ಬುನಾದಿಯಾಯಿತು. ಹೀಗೆ ಕೃಷಿ ಶಿಕ್ಷಣವು ಮೇಲೆ ಮೇಲೆ ಬೆಳೆಯಿತೇ ವಿನಾ ಊರಿನ ಪ್ರೌಢಶಾಲೆಯವರೆಗೆ ಕೆಳಗಿಳಿಯಲಿಲ್ಲ.

1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಮಹಾತ್ಮ ಗಾಂಧಿಯವರು ಮಂಡಿಸಿದ 'ನಯೀ ತಾಲೀಮ್' ಅಥವಾ ಮೂಲ ಶಿಕ್ಷಣವು ಕೈಕೆಲಸವನ್ನೇ ಕಲಿಕೆಯ ಕೇಂದ್ರವಾಗಿಸಿತು. 1952-53ರ ಮೊದಲಿಯಾರ್ ಆಯೋಗವು ಬಹೂದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿ, ಅವುಗಳ ಐಚ್ಛಿಕ ವಿಭಾಗಗಳಲ್ಲಿ ಕೃಷಿಯನ್ನೂ ಸೇರಿಸಿತು. 1964-66ರ ಕೊಠಾರಿ ಆಯೋಗ 'ಕಾರ್ಯಾನುಭವ' ಎಂಬ ಕಲ್ಪನೆಯನ್ನು ತಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ'ವನ್ನು ಶಿಫಾರಸು ಮಾಡಿತು. ಪದವಿಪೂರ್ವ ಹಂತದಲ್ಲಿ ಕರ್ನಾಟಕ ನಡೆಸಿದ ಉದ್ಯೋಗಾಧಾರಿತ ಕೋರ್ಸುಗಳು (ಜೆಒಸಿ) ಬಹುಕಾಲ ಇದ್ದು, ಬಳಿಕ ಮುಚ್ಚಿದವು.

ಇಷ್ಟೆಲ್ಲ ಪ್ರಯತ್ನಗಳು ಏಕೆ ಬೇರೂರಲಿಲ್ಲ? ಕಾರಣ ಸರಳವಾಗಿದೆ. ಕೈಕೆಲಸದ ವಿಷಯವು ಪರೀಕ್ಷೆಯ ವಿಷಯಗಳ ಪಕ್ಕದಲ್ಲಿ ಎರಡನೆಯ ದರ್ಜೆಯದಾಗಿಯೇ ಉಳಿಯಿತು. ಅಂಕಪಟ್ಟಿಗೆ ಸೇರದ ವಿಷಯವನ್ನು ಶಾಲೆ, ಪೋಷಕರು, ವಿದ್ಯಾರ್ಥಿಗಳು - ಮೂವರೂ ಗಂಭೀರವಾಗಿ ಪರಿಗಣಿಸಲಿಲ್ಲ. ಸಾವಯವ ಕೃಷಿಯ ಪಾಠವೂ ಇದೇ ಹಾದಿ ಹಿಡಿಯದಿರಬೇಕಾದರೆ ಈ ಇತಿಹಾಸವನ್ನು ಮರೆಯುವಂತಿಲ್ಲ.

ಪಠ್ಯದಲ್ಲಿ ಏನಿದೆ, ಏನಿಲ್ಲ?

ಪಠ್ಯಪುಸ್ತಕದಲ್ಲಿ ಕೃಷಿ ಇಲ್ಲವೇ ಇಲ್ಲ ಎನ್ನಲಾಗದು. ಎನ್‌ಸಿಇಆರ್‌ಟಿ 2008ರಲ್ಲಿ ಹೊರತಂದ 8ನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯವೇ ಬೆಳೆ ಉತ್ಪಾದನೆ ಮತ್ತು ನಿರ್ವಹಣೆಗೆ ಸಂಬಂಧಿಸಿದ್ದು. ಕೊಟ್ಟಿಗೆ ಗೊಬ್ಬರಕ್ಕೂ ರಾಸಾಯನಿಕ ಗೊಬ್ಬರಕ್ಕೂ ಇರುವ ವ್ಯತ್ಯಾಸ, ದ್ವಿದಳ ಧಾನ್ಯಗಳ ಬೇರಿನಲ್ಲಿರುವ ರೈಜೋಬಿಯಂ, ಬೆಳೆ ಸರದಿ ಮುಂತಾದವು ಅಲ್ಲಿವೆ. 9ನೇ ತರಗತಿಯ ಪುಸ್ತಕದಲ್ಲಿ ಎರೆಗೊಬ್ಬರ, ಹಸಿರೆಲೆ ಗೊಬ್ಬರ, ಸಾವಯವ ಬೇಸಾಯಗಳ ಪ್ರಸ್ತಾಪವೂ ಬಂದಿದೆ.

ಆದರೆ ಇಡೀ ದೇಶಕ್ಕೆ ಬರೆದ ಪಠ್ಯ ಯಾವ ಊರಿಗೂ ಪೂರ್ತಿ ಹೊಂದುವುದಿಲ್ಲ. ಪುಸ್ತಕ 'ಖಾರಿಫ್', 'ರಬಿ' ಎನ್ನುತ್ತದೆ. ಶೆಟ್ಟಿಕೆರೆ ಸೀಮೆಯ ರೈತ ಭರಣಿ, ರೋಹಿಣಿ, ಆರಿದ್ರಾ, ಪುನರ್ವಸು ಎಂದು ಮಳೆಯ ಹೆಸರಿನಲ್ಲಿ ಬಿತ್ತನೆಯ ಲೆಕ್ಕ ಇಡುತ್ತಾನೆ. ಪುಸ್ತಕ 'ಮಿಶ್ರ ಬೆಳೆ' ಎನ್ನುತ್ತದೆ. ಇಲ್ಲಿನ ಹೊಲದಲ್ಲಿ ಅದಕ್ಕೆ 'ಅಕ್ಕಡಿ' ಎಂಬ ಹೆಸರಿದೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಸಾಲು ಹಾಕುವ ಈ ಪದ್ಧತಿಯನ್ನು ಮಕ್ಕಳು ಮನೆಯಲ್ಲಿ ಕಂಡಿರುತ್ತಾರೆ. ಪುಸ್ತಕದ ಪದಕ್ಕೂ ಹೊಲದ ಪದಕ್ಕೂ ಸಂಬಂಧ ಕಲ್ಪಿಸಿಕೊಡುವುದೇ ಶಿಕ್ಷಕರ ಮೊದಲ ಕೆಲಸ. ಅದಕ್ಕೆ ಹೊಸ ಪುಸ್ತಕ ಬೇಕಿಲ್ಲ.

ತೆಂಗಿನ ಬುಡದಲ್ಲಿ ಗಣಿತ

ಸಾವಯವ ಕೃಷಿಯ ಪಾಠ ಎಂದರೆ ಮಕ್ಕಳ ಕೈಗೆ ಗುದ್ದಲಿ ಕೊಡುವುದು ಎಂಬ ಭಾವನೆ ಇದೆ. ವಾಸ್ತವವಾಗಿ ಅದು ಪೆನ್ಸಿಲ್ ಹಿಡಿದು ಮಾಡುವ ಕೆಲಸವೂ ಹೌದು.

30 ಅಡಿಗೆ 30 ಅಡಿ ಅಂತರದಲ್ಲಿ ತೆಂಗು ನೆಟ್ಟರೆ ಒಂದು ಎಕರೆಗೆ 48 ಮರ ಹಿಡಿಯುತ್ತವೆ. ಫಸಲು ಕೊಡುವ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಬೇಕೆಂಬುದು ಕೃಷಿ ವಿಜ್ಞಾನಿಗಳ ಶಿಫಾರಸು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕದ ಪ್ರಮಾಣ ಸರಿಸುಮಾರು ಶೇ 0.5. ಅಂದರೆ ಮರವೊಂದಕ್ಕೆ 50 ಕಿಲೋ ಗೊಬ್ಬರ ಹಾಕಿದರೆ ಸಿಗುವ ಸಾರಜನಕ 250 ಗ್ರಾಂ. ಉಳಿದ 250 ಗ್ರಾಂ ಎಲ್ಲಿಂದ? ಬೇವಿನ ಹಿಂಡಿಯಲ್ಲಿ ಸಾರಜನಕ ಸುಮಾರು ಶೇ 5ರಷ್ಟಿದೆ. 5 ಕಿಲೋ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಇಲ್ಲವೇ ಬದುವಿನ ಮೇಲೆ ಗ್ಲಿರಿಸಿಡಿಯಾ ಬೆಳೆಸಿ ಅದರ ಸೊಪ್ಪನ್ನು ಬುಡಕ್ಕೆ ಹಾಕಬಹುದು, ಸಾಲಿನ ನಡುವೆ ಅಪ್ಸೆಣಬು, ಅಲಸಂದೆ ಅಥವಾ ಹುರುಳಿ ಬಿತ್ತಿ ಹೂ ಬಿಡುವ ಹಂತದಲ್ಲಿ ಮಣ್ಣಿಗೆ ಸೇರಿಸಬಹುದು. ಎಕರೆಗೆ ಬೇಕಾದ ಕೊಟ್ಟಿಗೆ ಗೊಬ್ಬರ 2,400 ಕಿಲೋ. ಅಷ್ಟು ಗೊಬ್ಬರಕ್ಕೆ ಮನೆಯಲ್ಲಿ ಎಷ್ಟು ದನ ಬೇಕು ಎಂಬುದು ಮುಂದಿನ ಪ್ರಶ್ನೆ. ಹಟ್ಟಿ ಬರಿದಾದ ಮನೆಯಲ್ಲಿ ಸಾವಯವ ಏಕೆ ಕಷ್ಟ ಎಂಬುದು ಆಗ ಮಗುವಿಗೆ ಯಾರೂ ಹೇಳದೆಯೇ ಅರ್ಥವಾಗುತ್ತದೆ.

ಪೊಟ್ಯಾಷ್ ಲೆಕ್ಕ ಇನ್ನಷ್ಟು ಕುತೂಹಲಕರ. 50 ಕಿಲೋ ಕೊಟ್ಟಿಗೆ ಗೊಬ್ಬರ, 5 ಕಿಲೋ ಬೇವಿನ ಹಿಂಡಿ ಎರಡೂ ಸೇರಿದರೂ 1,200 ಗ್ರಾಂ ಪೊಟ್ಯಾಷ್‌ನಲ್ಲಿ ಮೂರನೆಯ ಒಂದು ಭಾಗವೂ ತುಂಬುವುದಿಲ್ಲ. ತೆಂಗು ಮಣ್ಣಿನಿಂದ ಹೀರುವ ಪೊಟ್ಯಾಷ್‌ನಲ್ಲಿ ದೊಡ್ಡ ಪಾಲು ಕಾಯಿಯ ಸಿಪ್ಪೆಯಲ್ಲಿರುತ್ತದೆ. ಕೊಬ್ಬರಿ ಸೀಮೆಯಲ್ಲಿ ಸುಲಿದ ಸಿಪ್ಪೆ ನಾರಿನ ಕಾರ್ಖಾನೆಗೆ ಹೋಗುತ್ತದೆ, ಇಲ್ಲವೇ ಒಲೆಗೆ. ಹಾಗಾಗಿ ಸಿಪ್ಪೆ ಮಾರಿದ ದಿನ ತೋಟದ ಪೊಟ್ಯಾಷ್ ಕೂಡ ಲಾರಿ ಹತ್ತಿರುತ್ತದೆ. ಸಿಪ್ಪೆಯನ್ನು ಮರದ ಸುತ್ತ ಹೂತರೆ ತೇವವೂ ಉಳಿಯುತ್ತದೆ, ಪೊಟ್ಯಾಷ್ ಕೂಡ ನೆಲಕ್ಕೆ ಮರಳುತ್ತದೆ. ಮಾರಿದರೆ ಕೈಗೆ ಹಣ ಬರುತ್ತದೆ. ಯಾವುದು ಲಾಭ? ಇದಕ್ಕೆ ಎಲ್ಲ ಮನೆಗೂ ಒಂದೇ ಉತ್ತರವಿಲ್ಲ. ಆದರೆ ಲೆಕ್ಕ ಹಾಕಿ ತೀರ್ಮಾನಿಸುವ ಶಕ್ತಿ 10ನೇ ತರಗತಿಯ ವಿದ್ಯಾರ್ಥಿಗೆ ಖಂಡಿತ ಇರುತ್ತದೆ.

ಒಂದು ಮರ ವರ್ಷಕ್ಕೆ ಸುಮಾರು 12 ಗರಿ ಉದುರಿಸುತ್ತದೆ. ಎಕರೆಗೆ 576 ಗರಿ. ತೆಂಗಿನ ಗರಿ ಬೇಗ ಕೊಳೆಯುವುದಿಲ್ಲವೆಂದು ಅದನ್ನು ಸುಡುವವರಿದ್ದಾರೆ. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು (ಸಿಪಿಸಿಆರ್‌ಐ) ತೆಂಗಿನ ಗರಿಯನ್ನೇ ತಿನ್ನುವ ಎರೆಹುಳುವಿನ ಸ್ಥಳೀಯ ತಳಿಯೊಂದನ್ನು ಗುರುತಿಸಿ, ಗರಿಯಿಂದ ಎರೆಗೊಬ್ಬರ ತಯಾರಿಸುವ ವಿಧಾನವನ್ನು ರೂಪಿಸಿದೆ. ಶಾಲೆಯ ಹಿತ್ತಿಲಲ್ಲಿ ಒಂದು ಸಿಮೆಂಟ್ ತೊಟ್ಟಿ ಇದ್ದರೆ ಈ ಪ್ರಯೋಗ ಸಾಧ್ಯ.

ಮಣ್ಣು ಪರೀಕ್ಷೆಯೂ ಮಕ್ಕಳ ಕೈಗೆ ಎಟುಕದ ಸಂಗತಿಯಲ್ಲ. 2015ರ ಫೆಬ್ರುವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ 12 ಅಂಶಗಳನ್ನು ಪರೀಕ್ಷಿಸಲಾಗುತ್ತದೆ. ಅದರಲ್ಲಿ ಸಾವಯವ ಇಂಗಾಲ ಮುಖ್ಯವಾದುದು. ಇದು ಶೇ 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣು ಬಡವಾಗಿದೆ ಎಂದರ್ಥ, ಶೇ 0.75 ದಾಟಿದರೆ ಸಮೃದ್ಧ. ಕೇಂದ್ರ ಸರ್ಕಾರ 2023ರಲ್ಲಿ 20 ಕೇಂದ್ರೀಯ ಮತ್ತು ನವೋದಯ ವಿದ್ಯಾಲಯಗಳಲ್ಲಿ ಮಕ್ಕಳಿಂದಲೇ ಮಣ್ಣು ಪರೀಕ್ಷೆ ಮಾಡಿಸುವ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ ಕೈಗೊಂಡು, ಬಳಿಕ ಅದನ್ನು ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ವಿಸ್ತರಿಸಿತು. ರೈತ ಮಕ್ಕಳೇ ತುಂಬಿರುವ ಹೋಬಳಿ ಮಟ್ಟದ ಪ್ರೌಢಶಾಲೆಗೆ ಇಂತಹ ಕಾರ್ಯಕ್ರಮ ಇನ್ನೂ ಹೆಚ್ಚು ಅಗತ್ಯ.

ಕೀಟವೆಲ್ಲ ಶತ್ರುವಲ್ಲ

ತೆಂಗಿನ ನಾಡು ಕಳೆದ ಮೂರು ದಶಕಗಳಲ್ಲಿ ಒಂದರ ಹಿಂದೆ ಒಂದು ಪೀಡೆಯನ್ನು ಕಂಡಿದೆ. 1990ರ ದಶಕದ ಕೊನೆಯಲ್ಲಿ ನುಸಿ ಬಂದಿತು. ಕಪ್ಪು ತಲೆ ಹುಳು, ಕಾಂಡ ಸೋರುವ ರೋಗ, ಅಣಬೆ ರೋಗಗಳು ತೋಟಗಳನ್ನು ಬಿಡದೆ ಕಾಡಿವೆ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ದೇಶದಲ್ಲೇ ಮೊದಲ ಬಾರಿಗೆ ಕಂಡ ಸುರುಳಿ ಬಿಳಿನೊಣ ಈಗ ರಾಜ್ಯದ ತೋಟಗಳಲ್ಲೂ ಹರಡಿದೆ. ಅದೇ ವರ್ಷದ ಬರದಲ್ಲಿ ಜಿಲ್ಲೆಯ ಅನೇಕ ತೋಟಗಳು ಒಣಗಿದವು.

ಈ ಪೀಡೆಗಳ ನಿಯಂತ್ರಣದಲ್ಲಿ ಔಷಧ ಸಿಂಪಡಣೆಗಿಂತ ತಿಳಿವಳಿಕೆಗೇ ಹೆಚ್ಚು ಕೆಲಸವಿದೆ. ಕಪ್ಪು ತಲೆ ಹುಳುವನ್ನು ಗೋನಿಯೋಜಸ್ ಎಂಬ ಪುಟ್ಟ ಪರೋಪಜೀವಿ ಕಣಜ ನಾಶಪಡಿಸುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಈ ಕಣಜವನ್ನು ತೋಟಕ್ಕೆ ಬಿಡುವುದು ಪ್ರಚಲಿತ ವಿಧಾನ. ಬಿಳಿನೊಣಕ್ಕೆ ಎನ್‌ಕಾರ್ಸಿಯಾ ಎಂಬ ಇನ್ನೊಂದು ಪರೋಪಜೀವಿ ಇದೆ. ಸಿಕ್ಕಸಿಕ್ಕ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಈ ಮಿತ್ರಕೀಟವೇ. ಆದ್ದರಿಂದಲೇ ವಿಜ್ಞಾನಿಗಳು ರಾಸಾಯನಿಕ ಸಿಂಪಡಿಸದಂತೆ, ಹಳದಿ ಅಂಟುಪಟ್ಟಿ ಹಾಗೂ ಬೇವಿನೆಣ್ಣೆಯನ್ನು ಬಳಸುವಂತೆ, ಗರಿಯ ಮೇಲಿನ ಕಪ್ಪು ಬೂಷ್ಟಿಗೆ ಗಂಜಿ ಸಿಂಪಡಿಸುವಂತೆ ಸಲಹೆ ನೀಡುತ್ತಾರೆ. ಮಿತ್ರಕೀಟವನ್ನು ಗುರುತಿಸಲು ಬೇಕಾಗುವುದು ಒಂದು ಭೂತಗನ್ನಡಿ ಮತ್ತು ತಾಳ್ಮೆ. ಪ್ರೌಢಶಾಲೆಯ ಮಕ್ಕಳಲ್ಲಿ ಎರಡನ್ನೂ ಬೆಳೆಸಬಹುದು.

ಸಾವಯವ ಎಂದ ಮಾತ್ರಕ್ಕೆ ಎಲ್ಲವೂ ನಿರಪಾಯಕಾರಿ ಎಂದೂ ತಿಳಿಯಬಾರದು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಟ್ಟು ಬೆಳೆಯುವುದು ನಮ್ಮ ತಿಪ್ಪೆಗುಂಡಿಯಲ್ಲಿಯೇ. ಗುಂಡಿಯನ್ನು ನಿರ್ವಹಿಸದೆ ಬಿಟ್ಟರೆ ಗೊಬ್ಬರದ ಜೊತೆಗೆ ಶತ್ರುವನ್ನೂ ಸಾಕಿದಂತಾಗುತ್ತದೆ. ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು ಗುಂಡಿಗೆ ಬೆರೆಸಿದರೆ ಮರಿಹುಳು ಸಾಯುತ್ತದೆ. ಪಾಠದಲ್ಲಿ ಇದೂ ಇರಬೇಕು.

ಈ ವಿಷಯದಲ್ಲಿ ಕನ್ನಡಿಗರು ಮರೆಯಲಾಗದ ಪಾಠವೊಂದು ಕಾಸರಗೋಡಿನದು. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಮುಂತಾದ ಗ್ರಾಮಗಳಲ್ಲಿ ಹುಟ್ಟಿದ ಮಕ್ಕಳ ಬವಣೆ ದೇಶದ ಗಮನ ಸೆಳೆಯಿತು. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಮುತ್ತಲೂ ಅದೇ ದುರಂತ ನಡೆಯಿತು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಿನಲ್ಲಿ ಎಂಡೋಸಲ್ಫಾನ್ ನಿಷೇಧಿಸಿತು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳ ಅರ್ಥವನ್ನು ಓದಲು ಬರುವ ಮಗು ಮನೆಯಲ್ಲಿದ್ದರೆ, ಸಾವಯವಕ್ಕೆ ತಿರುಗದ ಮನೆಗೂ ಅದರಿಂದ ರಕ್ಷಣೆ ಇದೆ.

ಶಾಲೆಯ ಪಂಚಾಂಗ, ಮಳೆಯ ಪಂಚಾಂಗ

ಶಾಲಾ ಕೈತೋಟಗಳು ಒಣಗುವುದಕ್ಕೆ ಮುಖ್ಯ ಕಾರಣ ಆಸಕ್ತಿಯ ಕೊರತೆಯಲ್ಲ, ಬೇಸಿಗೆ ರಜೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಾಕುವವರಿಲ್ಲದೆ ಸಸಿಗಳು ಸಾಯುತ್ತವೆ. ಈ ಸೀಮೆಯಲ್ಲಿ ಮುಂಗಾರು ಪೂರ್ವ ಮಳೆಗೆ ಬಿತ್ತುವ ಹೆಸರು ಬೆಳೆಯ ಕಾಲವೂ ರಜೆಯಲ್ಲೇ ಬರುತ್ತದೆ.

ಹಾಗಾಗಿ ಬೆಳೆಯನ್ನು ಶಾಲೆಯ ಅವಧಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಮಣ್ಣಿನ ಮಾದರಿ ಸಂಗ್ರಹ, ಗೊಬ್ಬರದ ಗುಂಡಿ ತುಂಬುವುದು, ತೆಂಗಿನ ಸಾಲಿನಲ್ಲಿ ಹಸಿರೆಲೆ ಗೊಬ್ಬರದ ಬಿತ್ತನೆ. ಜುಲೈನಲ್ಲಿ ಪುನರ್ವಸು, ಪುಷ್ಯ ಮಳೆಗೆ ರಾಗಿ ಮತ್ತು ಅಕ್ಕಡಿ ಸಾಲು. ಆಗಸ್ಟ್‌ನಲ್ಲಿ ಹಸಿರೆಲೆ ಗೊಬ್ಬರವನ್ನು ಮಣ್ಣಿಗೆ ಸೇರಿಸುವುದು, ತರಕಾರಿ ಮಡಿ. ದಸರಾ ರಜೆಯ ನಂತರ ಕೀಟಗಳ ವೀಕ್ಷಣೆ. ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲು, ತೂಕ, ಲೆಕ್ಕ. ಜನವರಿಯಿಂದ ಮುಚ್ಚಿಗೆ, ಬೀಜ ಸಂಗ್ರಹ. ಪರೀಕ್ಷೆಯ ಒತ್ತಡ ಏರುವ ಹೊತ್ತಿಗೆ ಹೊಲದ ಕೆಲಸ ಮುಗಿದಿರುತ್ತದೆ. ಐದು ಗುಂಟೆ ಜಾಗವಿದ್ದರೆ ಇಷ್ಟನ್ನೂ ನಡೆಸಬಹುದು. ಜಾಗವೇ ಇಲ್ಲದ ಶಾಲೆಯಲ್ಲಿ ಪ್ರತಿ ಮಗುವೂ ತನ್ನ ಮನೆಯ ಎರಡು ತೆಂಗಿನ ಮರವನ್ನು ಮೂರು ವರ್ಷ ದಾಖಲಿಸಬಹುದು. ಜಮೀನಿಲ್ಲದ ಮನೆಯ ಮಕ್ಕಳು ಇದರಿಂದ ಹೊರಗುಳಿಯದಂತೆ ಜೋಡಿಯಾಗಿ ಕೆಲಸ ಹಂಚುವುದು ಅವಶ್ಯ.

ಬಿಸಿಯೂಟದ ಅಡುಗೆ ಮನೆಗೂ ತೋಟಕ್ಕೂ ಸಂಬಂಧ ಬೆಸೆಯುವ ಶಾಲಾ ಪೌಷ್ಟಿಕ ಕೈತೋಟಗಳಿಗೆ ಕೇಂದ್ರವು 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ನುಗ್ಗೆ, ಕರಿಬೇವು, ಪಪ್ಪಾಯಿಗಳಂತಹ ಗಿಡಗಳು ರಜೆಯನ್ನೂ ತಾಳಿಕೊಳ್ಳುತ್ತವೆ. ಅಡುಗೆ ಮನೆಯಲ್ಲಿ ತರಕಾರಿ ತೊಳೆದ ನೀರು ಇವುಗಳ ಬುಡಕ್ಕೆ ಹರಿದರೆ ಸಾಕು.

ಕಲಿಸುವವರು ಯಾರು?

ಇದು ಎಲ್ಲಕ್ಕಿಂತ ಕಠಿಣ ಪ್ರಶ್ನೆ. ಜೀವಶಾಸ್ತ್ರ ಶಿಕ್ಷಕರಿಗೆ ವಿಷಯಜ್ಞಾನವಿದೆ, ಆದರೆ ಪಠ್ಯ ಮುಗಿಸುವ ಒತ್ತಡವೂ ಇದೆ. ಪ್ರತಿ ಶಾಲೆಗೆ ಪ್ರತ್ಯೇಕ ಕೃಷಿ ಶಿಕ್ಷಕರ ನೇಮಕವು ಸದ್ಯಕ್ಕೆ ದೂರದ ಮಾತು.

ಆದರೆ ಈ ಸೀಮೆಗೆ ಒಂದು ಅನುಕೂಲವಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿಯೇ ಇದೆ. ಗಾಂಧೀವಾದಿ ಮಣಿಭಾಯಿ ದೇಸಾಯಿ 1967ರಲ್ಲಿ ಸ್ಥಾಪಿಸಿದ ಬೈಫ್ ಸಂಸ್ಥೆ ತಿಪಟೂರನ್ನು ಕೇಂದ್ರವಾಗಿಸಿಕೊಂಡು ಹೈನುಗಾರಿಕೆ ಹಾಗೂ ವೃಕ್ಷಾಧಾರಿತ ಬೇಸಾಯದಲ್ಲಿ ದಶಕಗಳ ಕಾಲ ಕೆಲಸ ಮಾಡಿದೆ. 2010ರಲ್ಲಿ ತಿಪಟೂರು ತಾಲ್ಲೂಕಿನಲ್ಲಿ ಆರಂಭವಾದ ಅಕ್ಷಯಕಲ್ಪ ಸಂಸ್ಥೆ ಸಾವಯವ ಹಾಲನ್ನು ನಗರದ ಮಾರುಕಟ್ಟೆಗೆ ತಲುಪಿಸಿ, ಸಾವಯವಕ್ಕೆ ಕೊಳ್ಳುವವರಿದ್ದಾರೆ ಎಂಬುದನ್ನು ತೋರಿಸಿತು. ಇವೆಲ್ಲಕ್ಕೂ ಮಿಗಿಲಾಗಿ, ಪ್ರತಿ ಊರಿನಲ್ಲೂ ಗೊಬ್ಬರ, ಬೀಜ, ಮಳೆಗಳ ಬಗ್ಗೆ ಬಲ್ಲ ಹಿರಿಯರಿದ್ದಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಎಲ್. ನಾರಾಯಣ ರೆಡ್ಡಿಯವರು (ನಿಧನ: 2019) ತಮ್ಮ ತೋಟವನ್ನೇ ಪಾಠಶಾಲೆಯಾಗಿಸಿ ತೋರಿಸಿದ ಮಾದರಿ ನಮ್ಮ ಮುಂದಿದೆ. ರೈತರನ್ನು ತಿಂಗಳಿಗೊಮ್ಮೆ ಅತಿಥಿ ಶಿಕ್ಷಕರಾಗಿ ಕರೆಸಿ, ಗೌರವಧನ ಕೊಡುವ ವ್ಯವಸ್ಥೆ ದುಬಾರಿಯೇನಲ್ಲ. ಶಿಕ್ಷಕ ಪ್ರಶ್ನೆ ಕೇಳಲಿ, ರೈತ ಅನುಭವ ಹೇಳಲಿ, ಮಕ್ಕಳು ಅಳೆದು ನೋಡಲಿ.

ಪೋಷಕರ ಆಕ್ಷೇಪ

ಮಗನೂ ಮಗಳೂ ತಮ್ಮಂತೆ ಮಣ್ಣು ಹೊರಬಾರದೆಂದೇ ಶಾಲೆಗೆ ಕಳಿಸುವ ಪೋಷಕರು, ಶಾಲೆಯಲ್ಲೂ ಮಣ್ಣಿನ ಪಾಠವೇ ಎಂದು ಕೇಳಿದರೆ ಅದನ್ನು ತಳ್ಳಿಹಾಕಲಾಗದು. ಕೃಷಿಯ ಆದಾಯ ಎಷ್ಟು ಅಸ್ಥಿರ ಎಂಬುದನ್ನು ಕೊಬ್ಬರಿ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂ. ಇದ್ದಾಗ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ ದರ 20,000 ರೂ. ದಾಟಿತು. ಆದರೆ ರೋಗ, ಕೀಟಗಳಿಂದ ಇಳುವರಿ ಕುಸಿದಿದ್ದ ತೋಟಗಳಲ್ಲಿ ಮಾರಲು ಕಾಯಿಯೇ ಕಡಿಮೆ ಇತ್ತು.

ಪೋಷಕರಿಗೆ ಕೊಡಬಹುದಾದ ಉತ್ತರ ಎರಡು. ಒಂದು, ಈ ಪಾಠದ ಉದ್ದೇಶ ಎಲ್ಲ ಮಕ್ಕಳನ್ನೂ ರೈತರನ್ನಾಗಿಸುವುದಲ್ಲ. ಮಣ್ಣು ಪರೀಕ್ಷಕ, ತೋಟಗಾರಿಕಾ ಅಧಿಕಾರಿ, ಪಶುವೈದ್ಯ, ಆಹಾರ ಉದ್ಯಮಿ - ಯಾವ ದಾರಿ ಹಿಡಿದರೂ ಬುನಾದಿ ಇದೇ. ಕೃಷಿ ಪದವಿ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಇದ್ದ ಶೇ 40ರ ಮೀಸಲು ಪಾಲನ್ನು ರಾಜ್ಯ ಸರ್ಕಾರ 2021ರಲ್ಲಿ ಶೇ 50ಕ್ಕೆ ಏರಿಸಿತು. ಈ ಕೋಟಾಕ್ಕೆ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಬೆಳೆ, ಗೊಬ್ಬರ, ಉಪಕರಣಗಳನ್ನು ಗುರುತಿಸಬೇಕಾಗುತ್ತದೆ. ಪ್ರೌಢಶಾಲೆಯಲ್ಲೇ ಇವು ಪರಿಚಯವಾದರೆ ಹಳ್ಳಿಯ ಮಕ್ಕಳಿಗೆ ಅದು ನೇರ ಪ್ರಯೋಜನ.

ಎರಡು, ಬೆಂಗಳೂರಿಗೆ ಹೋಗಿ ನೌಕರಿ ಹಿಡಿದ ಮಕ್ಕಳೂ ಒಂದು ದಿನ ತೋಟದ ವಾರಸುದಾರರಾಗುತ್ತಾರೆ. ತಿಪಟೂರು ಟಾಲ್ ತಳಿಯ ಸಸಿ ಫಲ ಕೊಡಲು ಆರೇಳು ವರ್ಷ ಬೇಕು, ನಂತರ ಅದು ಅರವತ್ತು, ಎಪ್ಪತ್ತು ವರ್ಷ ಬಾಳುತ್ತದೆ. 8ನೇ ತರಗತಿಯಲ್ಲಿ ನೆಟ್ಟ ಸಸಿ ಆ ವಿದ್ಯಾರ್ಥಿಯ ಮುಪ್ಪಿನವರೆಗೂ ನಿಲ್ಲುತ್ತದೆ. ತೋಟವನ್ನು ಉಳಿಸಬೇಕೋ ಮಾರಬೇಕೋ ಎಂಬ ನಿರ್ಧಾರವನ್ನು ತಿಳಿದು ಕೈಗೊಳ್ಳುವುದಕ್ಕೂ, ತಿಳಿಯದೆ ಕೈಗೊಳ್ಳುವುದಕ್ಕೂ ವ್ಯತ್ಯಾಸವಿದೆ.

ಆಕ್ಷೇಪದ ಇನ್ನೊಂದು ಮುಖವನ್ನೂ ನೋಡಬೇಕು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಪರಿಶಿಷ್ಟ ಸಮುದಾಯದ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಪ್ರಕರಣ ನಾಡನ್ನು ತಲೆತಗ್ಗಿಸುವಂತೆ ಮಾಡಿತು. 'ಕಾರ್ಯಾನುಭವ'ದ ಹೆಸರಿನಲ್ಲಿ ಸಗಣಿ ಹೊರುವ ಕೆಲಸ ಕೆಲವೇ ಮಕ್ಕಳ ಪಾಲಿಗೆ, ನೋಟ್‌ಪುಸ್ತಕ ಬರೆಯುವ ಕೆಲಸ ಉಳಿದವರ ಪಾಲಿಗೆ ಬಂದರೆ ಅದು ಶಿಕ್ಷಣವಲ್ಲ. ಸರದಿಯ ಪಟ್ಟಿ ಗೋಡೆಯ ಮೇಲೆ ಇರಬೇಕು, ಅದರಲ್ಲಿ ಹುಡುಗ, ಹುಡುಗಿ, ಶಿಕ್ಷಕರು ಎಲ್ಲರ ಹೆಸರೂ ಇರಬೇಕು. ಕೆಲಸ ಪಾಠದ ಅವಧಿಯೊಳಗೇ ಮುಗಿಯಬೇಕು. ಕೈಗವಸು, ಸಾಬೂನು ಇಲ್ಲದೆ ಗೊಬ್ಬರದ ಕೆಲಸ ಸಲ್ಲದು.

ಅಂಕ ಬೇಕೆ, ಬೇಡವೆ?

625 ಅಂಕಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಇನ್ನೊಂದು ವಿಷಯಕ್ಕೆ ಜಾಗ ಹುಡುಕುವುದು ಸುಲಭವಲ್ಲ. ಪ್ರತ್ಯೇಕ ವಿಷಯವಾದರೆ ಅದೂ ಗೈಡ್ ಓದಿ ಬರೆಯುವ ವಿಷಯವಾಗುತ್ತದೆ. ಅಂಕವೇ ಇಲ್ಲದಿದ್ದರೆ ಹಿಂದಿನ ಕಾರ್ಯಾನುಭವದ ಗತಿ ಇದಕ್ಕೂ ಬರುತ್ತದೆ. ಮಧ್ಯದ ದಾರಿ ಎಂದರೆ, ವಿಜ್ಞಾನ, ಗಣಿತ ವಿಷಯಗಳ ಆಂತರಿಕ ಮೌಲ್ಯಮಾಪನದಲ್ಲಿ ತೋಟದ ದಾಖಲೆ ಪುಸ್ತಕಕ್ಕೆ ನಿಗದಿತ ಅಂಕ ಕೊಡುವುದು. ಮೂರು ವರ್ಷದ ಮಳೆ, ಗೊಬ್ಬರ, ಕಾಯಿಗಳ ಲೆಕ್ಕವನ್ನು ಒಂದು ರಾತ್ರಿಯಲ್ಲಿ ನಕಲು ಮಾಡಲಾಗದು. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2023 ವೃತ್ತಿ ಶಿಕ್ಷಣದಲ್ಲಿ 'ಜೀವಿಗಳೊಂದಿಗಿನ ಕೆಲಸ'ವನ್ನು ಒಂದು ವಿಭಾಗವಾಗಿ ಗುರುತಿಸಿದೆ. ರಾಜ್ಯವು ತನ್ನದೇ ಹಾದಿ ಹಿಡಿದರೂ ಈ ವಿಚಾರವನ್ನು ಬಿಡಬೇಕಾಗಿಲ್ಲ.

ನಂಬಿಕೆಯಾಗದಿರಲಿ, ಪ್ರಯೋಗವಾಗಲಿ

ದೇಶದಲ್ಲೇ ಮೊದಲಿಗೆ, 2004ರಲ್ಲಿ, ಸಾವಯವ ಕೃಷಿ ನೀತಿ ಪ್ರಕಟಿಸಿದ ರಾಜ್ಯ ಕರ್ನಾಟಕ. 2017ರಲ್ಲಿ ಅದು ಪರಿಷ್ಕೃತವಾಯಿತು. ಕೇಂದ್ರವು 2024ರ ನವೆಂಬರ್‌ನಲ್ಲಿ 2,481 ಕೋಟಿ ರೂ. ವೆಚ್ಚದ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್‌ಗೆ ಒಪ್ಪಿಗೆ ನೀಡಿತು. ಸಿಕ್ಕಿಂ 2016ರಲ್ಲಿ ಪೂರ್ಣ ಸಾವಯವ ರಾಜ್ಯವೆಂದು ಘೋಷಣೆಯಾಯಿತು. ಇದರ ಜೊತೆಗೆ ಶ್ರೀಲಂಕಾದ ಅನುಭವವನ್ನೂ ಮಕ್ಕಳಿಗೆ ಹೇಳಬೇಕು. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿತು. ಭತ್ತ, ಚಹಾ ಇಳುವರಿ ಕುಸಿದು, ರೈತರು ಬೀದಿಗಿಳಿದು, ಅದೇ ವರ್ಷದ ನವೆಂಬರ್‌ನಲ್ಲಿ ನಿಷೇಧವನ್ನು ಹಿಂದೆಗೆದುಕೊಳ್ಳಬೇಕಾಯಿತು. ಸಿದ್ಧತೆಯಿಲ್ಲದೆ, ಕಲಿಕೆಯಿಲ್ಲದೆ ಮೇಲಿನಿಂದ ಬಂದ ಆದೇಶಕ್ಕೆ ಮಣ್ಣು ಮಣಿಯುವುದಿಲ್ಲ.

ಆದ್ದರಿಂದ ಶಾಲೆಯಲ್ಲಿ ಸಾವಯವ ಕೃಷಿ ಒಂದು ಪ್ರಚಾರವಾಗಬಾರದು. 200 ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಸೇರಿಸಿ ಜೀವಾಮೃತ ತಯಾರಿಸುವುದನ್ನು ಮಕ್ಕಳು ಕಲಿಯಲಿ. ಆದರೆ ಎರಡು ಮಡಿಗಳಲ್ಲಿ ಒಂದಕ್ಕೆ ಹಾಕಿ, ಇನ್ನೊಂದಕ್ಕೆ ಹಾಕದೆ, ಕೊಯ್ಲಿನ ದಿನ ಎರಡನ್ನೂ ತೂಗಿ ನೋಡಲಿ. ಫಲಿತಾಂಶ ನಿರೀಕ್ಷೆಗೆ ವಿರುದ್ಧ ಬಂದರೂ ಹಾಗೆಯೇ ಬರೆದಿಡಲಿ. ಬಲ್ಲವರ ಮಾತನ್ನು ಗೌರವಿಸುತ್ತಲೇ ಪರೀಕ್ಷಿಸಿ ನೋಡುವ ಅಭ್ಯಾಸವೇ ವಿಜ್ಞಾನದ ಪಾಠ. ರೈತನಿಗೂ ಬೇಕಾದ ಗುಣ ಅದೇ.

ಇದಕ್ಕೆ ದೊಡ್ಡ ಅನುದಾನವಾಗಲಿ, ಹೊಸ ಇಲಾಖೆಯಾಗಲಿ ಬೇಕಿಲ್ಲ. ಹೋಬಳಿಗೊಂದು ಪ್ರೌಢಶಾಲೆ, ಶಾಲೆಗೊಬ್ಬ ಆಸಕ್ತ ವಿಜ್ಞಾನ ಶಿಕ್ಷಕರು, ಕೃಷಿ ವಿಜ್ಞಾನ ಕೇಂದ್ರದಿಂದ ತಿಂಗಳಿಗೊಂದು ಭೇಟಿ, ಊರಿನ ಒಬ್ಬ ಅನುಭವಿ ರೈತ, ಆವರಣದಲ್ಲಿ ನಾಲ್ಕು ತೆಂಗಿನ ಮರ - ಇಷ್ಟರಿಂದ ಆರಂಭಿಸಬಹುದು. ಮೂರು ವರ್ಷದ ದಾಖಲೆ ಪುಸ್ತಕಗಳು ಕೈಗೆ ಬಂದ ಮೇಲೆ ಪ್ರತ್ಯೇಕ ವಿಷಯ ಬೇಕೇ, ಬೇಡವೇ ಎಂಬುದನ್ನು ತೀರ್ಮಾನಿಸಲು ಸರ್ಕಾರಕ್ಕೂ ಆಧಾರ ಸಿಗುತ್ತದೆ. ಅಟ್ಟದ ಮೇಲಿಟ್ಟ ಕಾಯಿ ಒಳ್ಳೆಯ ಉಂಡೆ ಕೊಬ್ಬರಿಯಾಗಲು ಹತ್ತು, ಹನ್ನೆರಡು ತಿಂಗಳು ಕಾಯುವ ಜನಕ್ಕೆ ಮೂರು ವರ್ಷದ ಪ್ರಯೋಗ ದೀರ್ಘವೆನಿಸಲಾರದು.